ಬಿಡುಗಡೆ ಪತ್ರಕ್ಕೆ ದುಡ್ಡು ಕೊಟ್ಟವರು ಯಾರು?

ಸಂಪಾದಕರೇ,

ಗುಲಾಮ ವ್ಯಾಪಾರವನ್ನು ನೆನೆಯುವ ಆಗಸ್ಟ್ 23ರ ನಿಮಿತ್ತ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನೂ ಅದರ ಪಕ್ಕದ ಕಾಲಸೂಚಿಯನ್ನೂ ಓದಿದೆವು. ಅಪರೂಪದ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ, ಸಂತೋಷ. ಆದರೆ ಕಥೆ ಮೂರೇ ಮೆಟ್ಟಿಲಲ್ಲಿ ಮುಗಿದುಬಿಟ್ಟಿದೆ: 1807ರಲ್ಲಿ ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್ ವ್ಯಾಪಾರ ನಿಲ್ಲಿಸಿದರು, 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಬಿಡುಗಡೆ ಕೊಟ್ಟಿತು, 1863ರಲ್ಲಿ ಲಿಂಕನ್ ಉಳಿದವರನ್ನು ಬಿಡಿಸಿದರು. ಇದನ್ನೆಲ್ಲ ಗುಲಾಮರು ಕೈಕಟ್ಟಿ ನಿಂತು ನೋಡಿದರು ಅನ್ನುವ ಹಾಗಿದೆ. ಆಗಸ್ಟ್ 23ನ್ನು ಯುನೆಸ್ಕೋ ಆರಿಸಿಕೊಂಡದ್ದೇ 1791ರ ಆಗಸ್ಟ್ 22ರ ರಾತ್ರಿ, ಈಗ ಹೈಟಿ ಎನಿಸಿರುವ ಸೇಂಟ್ ಡೊಮಿಂಗ್‌ನ ಗುಲಾಮರು ಬಂಡೆದ್ದು ಬೆಳಗು ಮಾಡಿದ್ದಕ್ಕಾಗಿ. ಆ ಬಂಡಾಯಕ್ಕೆ ಲೇಖನದಲ್ಲಿ ಒಂದು ಸಾಲೂ ಸಿಕ್ಕಿಲ್ಲ. ಬಿಟ್ಟುಹೋದದ್ದನ್ನು ತುಂಬಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ.

ಮೊದಲು ಹಡಗು. ಅಟ್ಲಾಂಟಿಕ್ ದಾಟಿಸಲೆಂದು ಹಡಗಿಗೆ ತುಂಬಿದವರು ಸುಮಾರು 1.25 ಕೋಟಿ ಜನ, ಆಚೆ ದಡ ಮುಟ್ಟಿದವರು ಸುಮಾರು 1.07 ಕೋಟಿ. ಸುಮಾರು ಹತ್ತು ಯಾನಕ್ಕೆ ಒಂದರಲ್ಲಿ ಸೆರೆಯಾಳುಗಳು ತಿರುಗಿಬಿದ್ದಿದ್ದಾರೆ. ಗೆದ್ದವು ಬೆರಳೆಣಿಕೆಯಷ್ಟು. ಸೋತವುಗಳೂ ಹಡಗಿನ ಮಾಲೀಕರ ಜೇಬಿಗೆ ಬಿಸಿ ಮುಟ್ಟಿಸಿದವು. ಮೇಲಟ್ಟದ ಮೇಲೆ ಅಡ್ಡಲಾಗಿ ಆಳೆತ್ತರ ಮೀರಿದ ಹಲಗೆಗೋಡೆ ಕಟ್ಟಬೇಕಿತ್ತು. ಅದರಲ್ಲಿ ಬಂದೂಕಿನ ಕಿಂಡಿಗಳು, ಒಬ್ಬೊಬ್ಬರೇ ನುಸುಳುವಷ್ಟು ಸಣ್ಣ ಬಾಗಿಲು. ಸಮುದ್ರಕ್ಕೆ ಹಾರಿಬಿಡುತ್ತಾರೆಂದು ಸುತ್ತ ಬಲೆ. ಅದೇ ಗಾತ್ರದ ಮಾಮೂಲಿ ಸರಕು ಹಡಗಿಗಿಂತ ಹೆಚ್ಚು ನಾವಿಕರು, ಅವರ ಸಂಬಳ, ಅವರ ಊಟ. ಈ ಖರ್ಚು ಏರಿದಷ್ಟೂ ವ್ಯಾಪಾರ ಕುಗ್ಗಿತು. ಹೀಗೆ ಹೆಸರು ಗೊತ್ತಿಲ್ಲದ ಎಷ್ಟೋ ಜನ ತಾವು ಸತ್ತು, ಇನ್ನೆಷ್ಟೋ ಜನ ಹಡಗು ಹತ್ತುವುದನ್ನು ತಪ್ಪಿಸಿದರು.

ಇನ್ನು ದುಡ್ಡು ಕೊಟ್ಟು ತನ್ನನ್ನು ತಾನೇ ಕೊಂಡುಕೊಳ್ಳುವ ದಾರಿ. ಒಲೌಡಾ ಎಕ್ವಿಯಾನೊನ ಲೆಕ್ಕ ಇದಕ್ಕೆ ಒಳ್ಳೆಯ ಉದಾಹರಣೆ. ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದ ವರ್ತಕ ರಾಬರ್ಟ್ ಕಿಂಗ್‌ನ ಆಳಾಗಿ, ದ್ವೀಪದಿಂದ ದ್ವೀಪಕ್ಕೆ ಓಡಾಡುವ ಹಡಗಿನಲ್ಲಿ ದುಡಿಯುತ್ತಿದ್ದ ಅವನ ಬಂಡವಾಳ 3 ಪೆನ್ಸ್. ಸೇಂಟ್ ಯುಸ್ಟೇಷಿಯಸ್ ದ್ವೀಪದಲ್ಲಿ ಅದಕ್ಕೆ ಒಂದು ಗಾಜಿನ ಲೋಟ ಕೊಂಡು ಮಾಂಟ್ಸೆರಾಟ್‌ನಲ್ಲಿ 6 ಪೆನ್ಸ್‌ಗೆ ಮಾರಿದ. ಮುಂದಿನ ಸುತ್ತಿನಲ್ಲಿ ಎರಡು ಲೋಟ. ಹೀಗೆ ಕಾಸಿಗೆ ಕಾಸು ಕೂಡಿಸಿ 47 ಪೌಂಡ್ ಮಾಡಿಕೊಂಡ. ಒಡೆಯ ಅವನನ್ನು ಕೊಂಡ ಬೆಲೆ 40 ಪೌಂಡ್. ಅಷ್ಟು ತಂದುಕೊಟ್ಟರೆ ಬಿಡುತ್ತೇನೆ ಎಂದಿದ್ದವನು ಹಣ ಮುಂದಿಟ್ಟಾಗ ಹಿಂದೇಟು ಹಾಕಿದ. ಹಡಗಿನ ಕಪ್ತಾನ ಪಕ್ಕದಲ್ಲಿ ನಿಂತು ಒತ್ತಾಯಿಸಿದ್ದರಿಂದ ಒಪ್ಪಿದ. ನೋಂದಣಿ ಅಧಿಕಾರಿ ಅರ್ಧ ಶುಲ್ಕ ಬಿಟ್ಟು ಒಂದು ಗಿನಿಗೆ (ಪೌಂಡಿಗಿಂತ ತುಸು ಹೆಚ್ಚು) ಪತ್ರ ಬರೆದುಕೊಟ್ಟ. ನೋಂದಣಿಯಾದ ದಿನ 1766ರ ಜುಲೈ 11.

ಇಲ್ಲಿ ಎಡವಟ್ಟಾಗುವ ಜಾಗಗಳು ಬೇಕಾದಷ್ಟಿದ್ದವು. ಗುಲಾಮನ ಸರಕನ್ನು ಬಿಳಿಯನೊಬ್ಬ ಕಿತ್ತುಕೊಂಡರೆ ಕೇಳುವವರಿಲ್ಲ, ಏಕೆಂದರೆ ಬಿಳಿಯನ ವಿರುದ್ಧ ಅವನ ಸಾಕ್ಷ್ಯ ಕೋರ್ಟಿನಲ್ಲಿ ನಡೆಯುವುದಿಲ್ಲ. ಎಕ್ವಿಯಾನೊ ಮಾರಲು ಒಯ್ದ ನಿಂಬೆ, ಕಿತ್ತಳೆ ಚೀಲಗಳೇ ಒಮ್ಮೆ ಹೀಗೆ ಹೋಗಿದ್ದವು. ಬಾಯಿಮಾತಿನ ಬೆಲೆಗೆ ಕಾನೂನಿನ ಬಲವಿಲ್ಲ. ಪತ್ರ ಕೈಗೆ ಬಂದ ಮೇಲೂ ಹಿಡಿದು ಮತ್ತೆ ಮಾರುವವರಿದ್ದರು, ಆದ್ದರಿಂದ ಪತ್ರವನ್ನು ಜೀವದಂತೆ ಜೊತೆಗಿಟ್ಟುಕೊಂಡೇ ತಿರುಗಬೇಕು.

ಕ್ಯೂಬಾದಲ್ಲಿ ಇದಕ್ಕೊಂದು ಕಾನೂನಿನ ಚೌಕಟ್ಟಿತ್ತು, ಹೆಸರು ಕೋರ್ಟಾಸಿಯಾನ್. ಗುಲಾಮ ತನ್ನ ಬೆಲೆ ಗೊತ್ತುಮಾಡಿಸಿ ಕಂತಿನಲ್ಲಿ ತೀರಿಸಬಹುದು. 1842ರ ನಿಯಮದಂತೆ ಮೊದಲ ಕಂತು ಕನಿಷ್ಠ 50 ಪೆಸೊ. ಅಷ್ಟು ತಂದಿಟ್ಟವನಿಗೆ ಒಡೆಯ ಇಲ್ಲ ಅನ್ನುವಂತಿಲ್ಲ, ಒಮ್ಮೆ ಗೊತ್ತಾದ ಬೆಲೆಯನ್ನು ಏರಿಸುವಂತೆಯೂ ಇಲ್ಲ. ಆದರೆ ಕಂತು ಕಟ್ಟುತ್ತಿರುವ ತಾಯಿಗೆ ಮಗು ಹುಟ್ಟಿದರೆ ಆ ಮಗು ಪೂರ್ತಿ ಗುಲಾಮ, ತಾಯಿ ಕಟ್ಟಿದ ಕಂತಿನ ಪಾಲು ಅದಕ್ಕಿಲ್ಲ. ಪೇಟೆಯಲ್ಲಿ ಕೂಲಿ ಮಾಡಿ, ತಿಂಡಿ ಮಾರಿ ನಾಲ್ಕು ಕಾಸು ಕಾಣುವವರಿಗೆ ಈ ದಾರಿ ತೆರೆಯಿತು. ಕಬ್ಬಿನ ಗದ್ದೆಯಲ್ಲಿ ಬೆಳಗಿನಿಂದ ಇರುಳವರೆಗೆ ಕತ್ತಿ ಬೀಸುವವರಿಗೆ 50 ಪೆಸೊ ಎಲ್ಲಿಂದ ಬರಬೇಕು?

ಕೋರ್ಟಿನ ದಾರಿಯ ಬಗ್ಗೆ ಲೇಖನ ಹೇಳಿದ್ದು ಒಂದೇ ಮಾತು, 1772ರ ಸಾಮರ್ಸೆಟ್ ತೀರ್ಪು ಇಂಗ್ಲೆಂಡಿನಲ್ಲಿ ಗುಲಾಮಗಿರಿ ರದ್ದುಮಾಡಿತು ಎಂದು. ತೀರ್ಪು ಅಷ್ಟು ಹೇಳಲಿಲ್ಲ. ಜೇಮ್ಸ್ ಸಾಮರ್ಸೆಟ್ 1771ರಲ್ಲಿ ಲಂಡನ್ನಿನಲ್ಲಿ ಒಡೆಯನನ್ನು ಬಿಟ್ಟು ಹೋದ. ನವೆಂಬರಿನಲ್ಲಿ ಹಿಡಿದು ಜಮೈಕಾಕ್ಕೆ ಹೊರಟಿದ್ದ ಹಡಗಿನಲ್ಲಿ ಸರಪಳಿ ಹಾಕಿ ಕೂಡಿಟ್ಟರು. ಅವನು ಮೊದಲೇ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದ. ಅದು ಬರೀ ಭಕ್ತಿಯ ಮಾತಾಗಿರಲಿಲ್ಲ, ಅದರಿಂದ ಅವನಿಗೆ ಮೂವರು ಧರ್ಮಪೋಷಕರು ಸಿಕ್ಕಿದ್ದರು. ಅವರು ಕೋರ್ಟಿಗೆ ಓಡಿ ಹೇಬಿಯಸ್ ಕಾರ್ಪಸ್ ಆಜ್ಞೆ ತಂದರು. ಇವನನ್ನು ಯಾವ ಅಧಿಕಾರದಿಂದ ಹಿಡಿದಿಟ್ಟಿದ್ದೇನೆ ಎಂದು ಕಪ್ತಾನ ನ್ಯಾಯಾಧೀಶರ ಮುಂದೆ ನಿಂತು ಹೇಳಬೇಕಾಯಿತು. ಹೊರಗೆ ದಾವೆ ಹೂಡಲು ಯಾರೂ ಇಲ್ಲದಿದ್ದರೆ ಹಡಗು ಲಂಗರು ಎತ್ತಿಬಿಡುತ್ತಿತ್ತು, ಮುಗಿದುಹೋಗುತ್ತಿತ್ತು. ಜೂನ್ 22ರಂದು ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಮಾನಿಸಿದ್ದು, ಒಡೆಯ ಗುಲಾಮನನ್ನು ಬಲವಂತವಾಗಿ ದೇಶದಾಚೆ ಸಾಗಿಸುವಂತಿಲ್ಲ ಎಂಬಷ್ಟನ್ನೇ. ಸ್ಕಾಟ್ಲೆಂಡಿನಲ್ಲಿದ್ದ ಜೋಸೆಫ್ ನೈಟ್ ಪತ್ರಿಕೆಯಲ್ಲಿ ಈ ಸುದ್ದಿ ಓದಿ, ಹಾಗಾದರೆ ತಾನೂ ಸ್ವತಂತ್ರ ಎಂದು ಸಂಬಳ ಕೇಳಿದ. 1778ರಲ್ಲಿ ಅಲ್ಲಿನ ಉನ್ನತ ಕೋರ್ಟು ಇನ್ನೂ ಸ್ಪಷ್ಟವಾಗಿ, ಸ್ಕಾಟ್ಲೆಂಡಿನ ಕಾನೂನಿನಲ್ಲಿ ಗುಲಾಮಗಿರಿಗೆ ಜಾಗವಿಲ್ಲ ಎಂದಿತು.

ಸಾಮರ್ಸೆಟ್ ತೀರ್ಪಿನಲ್ಲಿ ಉಳಿದ ತೂತಿನ ಪೆಟ್ಟು ತಿಂದವಳು ಮೇರಿ ಪ್ರಿನ್ಸ್. ಆಂಟಿಗಾದಿಂದ ಒಡೆಯರ ಜೊತೆ ಲಂಡನ್ನಿಗೆ ಬಂದ ಅವಳು 1828ರಲ್ಲಿ ಮನೆಬಿಟ್ಟು ಹೊರನಡೆದಳು. ಇಂಗ್ಲೆಂಡಿನಲ್ಲಿ ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ಆದರೆ ಗಂಡ ಆಂಟಿಗಾದಲ್ಲಿ. ವಾಪಸು ಹೋದ ಗುಲಾಮಳು ಮತ್ತೆ ಗುಲಾಮಳೇ ಎಂದು 1827ರಲ್ಲಷ್ಟೇ ಇನ್ನೊಂದು ತೀರ್ಪು ಬಂದಿತ್ತು. ಹಣ ಕೊಡುತ್ತೇವೆ, ಬಿಟ್ಟುಕೊಡಿ ಎಂದು ಬೆಂಬಲಿಗರು ಕೇಳಿದರೂ ಒಡೆಯ ಜಗ್ಗಲಿಲ್ಲ. ಅವಳು ಪಾರ್ಲಿಮೆಂಟಿಗೇ ಅರ್ಜಿ ಹಾಕಿದಳು, 1831ರಲ್ಲಿ ತನ್ನ ಬದುಕನ್ನು ಹೇಳಿ ಬರೆಯಿಸಿ ಅಚ್ಚು ಹಾಕಿಸಿದಳು. ಉಪ್ಪಿನ ಮಡಿಯಲ್ಲಿ ನಿಂತು ಕಾಲು ಹುಣ್ಣಾದದ್ದನ್ನು, ಚಾಟಿಯೇಟನ್ನು ಅನುಭವಿಸಿದವಳ ಬಾಯಿಂದಲೇ ಬ್ರಿಟಿಷ್ ಓದುಗರು ಕೇಳಿದ್ದು ಹಾಗೆ.

ಝಾಂಗ್ ಹಡಗಿನ ವಿಷಯದಲ್ಲೂ ಅಷ್ಟೇ. 1781ರ ಕೊನೆಯಲ್ಲಿ ಆ ಹಡಗಿನವರು ನೀರು ಸಾಲದೆಂಬ ನೆಪ ಹೇಳಿ 130ಕ್ಕೂ ಹೆಚ್ಚು ಜನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆ ಕೇಳಿದರು, ಜ್ಯೂರಿ ಕೊಡಿ ಎಂದಿತು! ಇದು ವಿಮೆಯ ಮೊಕದ್ದಮೆ, ಕೊಲೆಯದಲ್ಲ. 1783ರ ಮಾರ್ಚ್ 19ರಂದು ಗುಲಾಮಗಿರಿ ವಿರೋಧಿ ಹೋರಾಟಗಾರ ಗ್ರ್ಯಾನ್‌ವಿಲ್ ಶಾರ್ಪ್ ಮನೆಗೆ ಹೋಗಿ ಸುದ್ದಿ ಮುಟ್ಟಿಸಿದವನು ಅದೇ ಎಕ್ವಿಯಾನೊ. ಅಲ್ಲಿಂದ ಅದು ಹೊರಬಿತ್ತು. ಮೇಲಿನ ಕೋರ್ಟು ಮರುವಿಚಾರಣೆಗೆ ಆದೇಶಿಸಿತು. ಕೊಲೆಗಾಗಿ ಕಟಕಟೆ ಹತ್ತಿದವರು ಯಾರೂ ಇಲ್ಲ. ವಿಲ್ಬರ್‌ಫೋರ್ಸ್ ಪಾರ್ಲಿಮೆಂಟಿನಲ್ಲಿ ಈ ವಿಷಯ ಎತ್ತಿದ್ದು ಇದಾದ ಎಷ್ಟೋ ವರ್ಷಕ್ಕೆ.

ಅಮಿಸ್ಟಾಡ್ ಎಂಬ ಸ್ಪ್ಯಾನಿಷ್ ಹಡಗಿನ ಪ್ರಕರಣವನ್ನು ತುಸು ಬಿಡಿಸಿ ಹೇಳಬೇಕು. ದಾಖಲೆ ಹೇಗೆ ಸುಳ್ಳಾಗುತ್ತದೆ, ಅದನ್ನು ಹೇಗೆ ಒಡೆಯಬಹುದು ಎಂಬುದು ಅದರಲ್ಲಿದೆ. ಸ್ಪೇನ್ 1817ರ ಒಪ್ಪಂದದಲ್ಲಿ, 1820ರಿಂದ ಆಫ್ರಿಕಾದ ಗುಲಾಮರನ್ನು ತರುವುದಿಲ್ಲವೆಂದು ಒಪ್ಪಿತ್ತು. ಸ್ಪೇನಿನ ವಸಾಹತು ಕ್ಯೂಬಾದ ವರ್ತಕರು ಆಫ್ರಿಕಾದಿಂದ ಆಗಷ್ಟೇ ಬಂದವರಿಗೆ ಸ್ಪ್ಯಾನಿಷ್ ಹೆಸರಿಟ್ಟು, ಇವರು ಬಹಳ ಕಾಲದಿಂದ ಕ್ಯೂಬಾದಲ್ಲೇ ಇರುವವರು ಎಂದು ರಹದಾರಿ ಬರೆಸುತ್ತಿದ್ದರು. ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ. 1839ರ ಜುಲೈ ಮೊದಲ ದಿನಗಳಲ್ಲಿ ಸೆಂಗ್ಬೆ ಪಿಯೆ ನಾಯಕತ್ವದಲ್ಲಿ 53 ಸೆರೆಯಾಳುಗಳು ಹಡಗನ್ನು ವಶಪಡಿಸಿಕೊಂಡರು. ಪೂರ್ವಕ್ಕೆ, ಆಫ್ರಿಕಾಕ್ಕೆ ನಡೆಸು ಎಂದು ಬದುಕಿ ಉಳಿದ ಸ್ಪ್ಯಾನಿಷರಿಗೆ ಹೇಳಿದರು. ಅವರು ಹಗಲು ಸೂರ್ಯನ ಕಡೆಗೆ, ರಾತ್ರಿ ಕದ್ದು ವಾಯವ್ಯಕ್ಕೆ ತಿರುಗಿಸುತ್ತಾ ಕೊನೆಗೆ ಅಮೆರಿಕದ ಲಾಂಗ್ ಐಲೆಂಡ್ ಮುಟ್ಟಿಸಿದರು.

ಜೈಲಿನಲ್ಲಿದ್ದವರ ಮಾತು ಯಾರಿಗೂ ತಿಳಿಯದು. ತಿಳಿಯದಿದ್ದರೆ ಸುಳ್ಳು ರಹದಾರಿಯೇ ಸತ್ಯವಾಗುತ್ತದೆ. ಯೇಲ್‌ನ ಭಾಷಾ ಪ್ರಾಧ್ಯಾಪಕ ಜೊಸಾಯಾ ಗಿಬ್ಸ್ ಒಂದೊಂದೇ ಬೆರಳೆತ್ತಿ ತೋರಿಸಿ ಅವರಿಂದ ಒಂದರಿಂದ ಹತ್ತರವರೆಗೆ ಎಣಿಸುವುದನ್ನು ಕಲಿತರು. ಆಮೇಲೆ ನ್ಯೂಯಾರ್ಕ್ ಬಂದರಿನಲ್ಲಿ ಆ ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತಾ ಕಪ್ಪು ನಾವಿಕರ ನಡುವೆ ಓಡಾಡಿದರು. ಬ್ರಿಟಿಷ್ ಹಡಗು ಬಝಾರ್ಡ್‌ನ ಜೇಮ್ಸ್ ಕೋವಿಗೆ ಅದು ಅರ್ಥವಾಯಿತು, ಅದು ಮೆಂಡೆ ಭಾಷೆ. ಕೋವಿ ತಾನೂ ಗುಲಾಮರ ಹಡಗಿನಿಂದ ಬಿಡುಗಡೆಯಾದವನೇ. ಅವನು ದುಭಾಷಿಯಾಗಿ ನಿಂತ ಮೇಲೆ, ಊರು ಯಾವುದು, ಹಿಡಿದದ್ದು ಹೇಗೆ, ಹಡಗಿನಲ್ಲಿ ಕೂರಿಸಿದ್ದು ಹೇಗೆ ಎಂಬುದೆಲ್ಲ ಕೋರ್ಟಿನ ದಾಖಲೆಗೆ ಸೇರಿತು. 1841ರ ಮಾರ್ಚ್ 9ರಂದು ಅಮೆರಿಕದ ಸುಪ್ರೀಂ ಕೋರ್ಟು ಇವರು ಯಾರ ಆಸ್ತಿಯೂ ಅಲ್ಲವೆಂದಿತು. ಅಷ್ಟರಲ್ಲಿ ಎಷ್ಟೋ ಜನ ಸತ್ತಿದ್ದರು. 1842ರ ಜನವರಿಯಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್ ಮುಟ್ಟಿದವರು 35 ಮಂದಿ. ಸಾಮಾನ್ಯವಾಗಿ ಈ ಗೆಲುವಿನ ಕೀರ್ತಿ ವಕಾಲತ್ತು ವಹಿಸಿದ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್‌ಗೆ ಹೋಗುತ್ತದೆ. ಕೋವಿ ಇಲ್ಲದಿದ್ದರೆ ಅವರಿಗೆ ವಾದಿಸಲು ಸಾಕ್ಷ್ಯ ಎಲ್ಲಿತ್ತು?

ಈ ಕಾಗದದ ಜಟಾಪಟಿಯನ್ನು ಇನ್ನೂ ಚೆನ್ನಾಗಿ ಆಡಿದವನು ಬ್ರೆಜಿಲ್‌ನ ಲೂಯಿಸ್ ಗಾಮಾ. ಸ್ವತಂತ್ರನಾಗಿ ಹುಟ್ಟಿದವನನ್ನು ಹತ್ತನೇ ವಯಸ್ಸಿನಲ್ಲಿ ಅಪ್ಪನೇ ಮಾರಿದ. ಓದು ಕಲಿತು, ತನ್ನ ಹುಟ್ಟಿಗೆ ಪುರಾವೆ ಹೊಂದಿಸಿ 1848ರಲ್ಲಿ ಹೊರಬಂದ. ಪದವಿಯಿಲ್ಲದೆ ವಕೀಲಿಕೆ ಮಾಡಿ 500ಕ್ಕೂ ಹೆಚ್ಚು ಜನರನ್ನು ಬಿಡಿಸಿದ. ಆಯುಧ ಒಂದು ಹಳೇ ಕಾನೂನು: 1831ರ ನವೆಂಬರ್ 7ರಂದು ಬ್ರೆಜಿಲ್, ಇನ್ನು ಮುಂದೆ ದೇಶದೊಳಗೆ ತಂದ ಗುಲಾಮರೆಲ್ಲ ಸ್ವತಂತ್ರರು ಎಂದು ಘೋಷಿಸಿ ಮರೆತುಬಿಟ್ಟಿತ್ತು. ಆಮೇಲೂ ಲಕ್ಷಗಟ್ಟಲೆ ಜನರನ್ನು ಇಳಿಸಿದರು. 1871ರ ಕಾನೂನು ಪ್ರತಿ ಒಡೆಯನೂ ಗುಲಾಮರ ವಯಸ್ಸು ಬರೆಸಿ ನೋಂದಾಯಿಸಬೇಕೆಂದಿತು. ನೋಂದಾಯಿಸದವರು ಸ್ವತಂತ್ರರು. ಈಗ ಲೆಕ್ಕ ಹಾಕಿ. 1872ರಲ್ಲಿ 35 ವರ್ಷ ಎಂದು ಬರೆಸಿದ ಆಫ್ರಿಕಾ ಹುಟ್ಟಿನವನು 1831ಕ್ಕೆ ಮೊದಲು ಬಂದಿರಲು ಸಾಧ್ಯವೇ ಇಲ್ಲ. ಒಡೆಯನ ಕೈಬರಹವೇ ಒಡೆಯನ ವಿರುದ್ಧ ಸಾಕ್ಷಿ. ಇದು ಹೊಳೆದ ಒಡೆಯರು ವಯಸ್ಸು ಏರಿಸಿ ಬರೆಸಿದರು. 1885ರಲ್ಲಿ 60 ದಾಟಿದವರಿಗೆ ಬಿಡುಗಡೆ ಎಂಬ ಕಾನೂನು ಬಂತು. ಏರಿಸಿದ ವಯಸ್ಸಿನವರು ಕಾಗದದ ಮೇಲೆ ಎಲ್ಲರಿಗಿಂತ ಮೊದಲು ಮುದುಕರಾಗಿದ್ದರು.

ಸೇಂಟ್ ಡೊಮಿಂಗ್‌ಗೆ ಬರೋಣ. ಸುಮಾರು 5 ಲಕ್ಷ ಗುಲಾಮರಿದ್ದ, ಯುರೋಪಿನ ಸಕ್ಕರೆಯಲ್ಲಿ ಸುಮಾರು ಶೇ 40ರಷ್ಟನ್ನು ಬೆಳೆದ ಫ್ರೆಂಚ್ ವಸಾಹತು. 1791ರ ಬಂಡಾಯದ ನಂತರ ಫ್ರೆಂಚ್ ಕಮಿಷನರ್ ಸೊಂತೊನಾ 1793ರ ಆಗಸ್ಟ್ 29ರಂದು ಅಲ್ಲಿ ಬಿಡುಗಡೆ ಸಾರಿದ. ಬ್ರಿಟಿಷರು, ಸ್ಪ್ಯಾನಿಷರು ಮುತ್ತುತ್ತಿದ್ದರು, ದ್ವೀಪ ಉಳಿಸಿಕೊಳ್ಳಲು ಬಂಡಾಯಗಾರರ ಸೈನ್ಯ ಬೇಕಿತ್ತು. ಪ್ಯಾರಿಸ್ ಅದಕ್ಕೆ ಮೊಹರು ಒತ್ತಿದ್ದು 1794ರ ಫೆಬ್ರವರಿ 4ರಂದು. ನೆಪೋಲಿಯನ್ 1802ರಲ್ಲಿ ಗುಲಾಮಗಿರಿಯನ್ನು ವಾಪಸು ತರಲು ಹೊರಟ. ಬಂಡಾಯಗಾರರ ನಾಯಕ ಟೂಸೆಂಟ್ ಲೂವೆರ್ಟ್ಯೂರ್‌ನನ್ನು ಮೋಸದಿಂದ ಹಿಡಿದು ಫ್ರಾನ್ಸಿನ ಚಳಿಕೋಟೆಯಲ್ಲಿ ಸಾಯಿಸಿದ. ಆದರೂ 1803ರ ನವೆಂಬರ್ 18ರಂದು ವರ್ಟಿಯೇರ್‌ನಲ್ಲಿ ಫ್ರೆಂಚರು ಸೋತರು, 1804ರ ಜನವರಿ 1ರಂದು ಹೈಟಿ ಹುಟ್ಟಿತು. 1816ರ ಹೈಟಿ ಸಂವಿಧಾನ ಅಲ್ಲಿಗೆ ಬಂದು ಸೇರುವ ಆಫ್ರಿಕನ್ ಮೂಲದವರನ್ನು ಪ್ರಜೆಗಳೆಂದು ಒಪ್ಪಿತು, ಜಮೈಕಾದಿಂದ ದೋಣಿ ಹತ್ತಿ ಓಡಿಬಂದವರನ್ನು ಅಧ್ಯಕ್ಷ ಪೆಶನ್ ವಾಪಸು ಕೊಡಲಿಲ್ಲ. ಅದೇ ಪೆಶನ್ ದಕ್ಷಿಣ ಅಮೆರಿಕದಲ್ಲಿ ಸ್ಪೇನ್ ವಿರುದ್ಧ ಹೋರಾಡುತ್ತಿದ್ದ ಬೊಲಿವಾರ್‌ಗೆ ಬಂದೂಕು ಕೊಟ್ಟಾಗ ಹಾಕಿದ ಷರತ್ತು, ಗೆದ್ದ ನೆಲದಲ್ಲಿ ಗುಲಾಮರನ್ನು ಬಿಡಬೇಕು ಎಂಬುದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ, ಕಳೆದುಕೊಂಡ ಆಸ್ತಿಗೆ 15 ಕೋಟಿ ಫ್ರಾಂಕ್ ಪರಿಹಾರ ಹೇರಿತು. ಆ ಆಸ್ತಿಯ ಲೆಕ್ಕದಲ್ಲಿ ಬಿಡುಗಡೆಯಾದ ಜನರೂ ಸೇರಿದ್ದರು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು, ಸಾಲದ ಬಾಲ ಇಪ್ಪತ್ತನೇ ಶತಮಾನದವರೆಗೂ ಎಳೆಯಿತು.

1807ರ ಬ್ರಿಟಿಷ್ ಕಾನೂನು ದೊಡ್ಡದೇ, ಅಲ್ಲಗಳೆಯುವುದಿಲ್ಲ. ಸಿಕ್ಕ ಪ್ರತಿ ಗುಲಾಮನಿಗೆ 100 ಪೌಂಡ್ ದಂಡ. ದಂಡ ಕಟ್ಟಿಯೂ ಲಾಭ ಉಳಿಯುತ್ತಿತ್ತು, ಆದ್ದರಿಂದ 1811ರಲ್ಲಿ ಇದನ್ನು ಗಡೀಪಾರು ಶಿಕ್ಷೆಯ ಅಪರಾಧ ಮಾಡಬೇಕಾಯಿತು. ಬೇರೆ ದೇಶದ ಹಡಗುಗಳದು ಇನ್ನೊಂದು ತಲೆನೋವು. ಗುಲಾಮರು ಹಡಗಿನಲ್ಲಿ ಕಣ್ಣಿಗೆ ಬಿದ್ದರೆ ಮಾತ್ರ ಜಪ್ತಿ. ಕಪ್ತಾನರು ಜನರನ್ನು ದಡದ ಕೊಟ್ಟಿಗೆಯಲ್ಲಿ ಕೂಡಿಟ್ಟು, ಕಾವಲು ನೌಕೆ ಮರೆಯಾದ ಮೇಲೆ ತುಂಬಿಸಿಕೊಂಡು ಹೊರಡುತ್ತಿದ್ದರು. 1835ರಲ್ಲಿ ಸ್ಪೇನ್ ಜೊತೆಗಿನ ಒಪ್ಪಂದದಲ್ಲಿ ಸಲಕರಣೆ ನಿಯಮ ಬಂದ ಮೇಲಷ್ಟೇ ಹಿಡಿತ ಬಿಗಿಯಾಯಿತು. ನಾವಿಕರಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರಿನ ಪೀಪಾಯಿ, ಅಡುಗೆಗೆ ಅತಿ ದೊಡ್ಡ ಹಂಡೆ, ಬೇಡಿಗಳು, ಎರಡನೇ ಅಟ್ಟ ಹಾಕಲು ಹಲಗೆ, ಗಾಳಿಯಾಡಲು ಜಾಲರಿ ಮುಚ್ಚಳ ಸಿಕ್ಕರೆ ಸಾಕು, ಹಡಗು ಖಾಲಿಯಿದ್ದರೂ ಜಪ್ತಿ. ಬ್ರಿಟಿಷ್ ನೌಕಾಪಡೆ ಒಟ್ಟು ಸುಮಾರು 1,600 ಹಡಗು ಹಿಡಿದು ಸುಮಾರು 1.5 ಲಕ್ಷ ಜನರನ್ನು ಬಿಡಿಸಿತು. ಬಿಡಿಸಿದವರಲ್ಲಿ ಬಹಳಷ್ಟು ಜನರನ್ನು ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಇಳಿಸಿ, 14 ವರ್ಷಗಳಷ್ಟು ಕಾಲ ಅಪ್ರೆಂಟಿಸ್ ಎಂಬ ಹೆಸರಿನಲ್ಲಿ ದುಡಿಸಲು ಕಾನೂನು ಅವಕಾಶ ಕೊಟ್ಟಿತ್ತು. ಬಿಡುಗಡೆ ಎನ್ನುವ ಪದಕ್ಕೆ ಅಲ್ಲಿ ಅಷ್ಟೇ ಬೆಲೆ.

1833ರ ಕಾನೂನಿನ ಹಿಂದೆ ಜಮೈಕಾ ಇದೆ. 1831ರ ಕ್ರಿಸ್‌ಮಸ್ ಮುಗಿದ ಮೇಲೆ ಕೂಲಿ ಕೊಡದೆ ಕೆಲಸಕ್ಕಿಲ್ಲ ಎಂಬುದು ಬ್ಯಾಪ್ಟಿಸ್ಟ್ ಬೋಧಕ ಸ್ಯಾಮ್ ಶಾರ್ಪ್ ಹೂಡಿದ ಮುಷ್ಕರದ ಯೋಜನೆ. ಡಿಸೆಂಬರ್ 27ರಂದು ಬೆಂಕಿ ಬಿದ್ದು ಅದು ಬಂಡಾಯವಾಯಿತು. ಸತ್ತ ಬಿಳಿಯರು ಹದಿನಾಲ್ಕರಷ್ಟು, ಆಮೇಲೆ ಗಲ್ಲಿಗೇರಿಸಿದ ಗುಲಾಮರು 300ಕ್ಕೂ ಹೆಚ್ಚು. ಶಾರ್ಪ್‌ನನ್ನು 1832ರ ಮೇ 23ರಂದು ನೇಣಿಗೆ ಹಾಕಿದರು. ಅದೇ ವರ್ಷ ಪಾರ್ಲಿಮೆಂಟಿನ ಸಮಿತಿಗಳು ವಿಚಾರಣೆಗೆ ಕೂತವು, ಮರುವರ್ಷ ಕಾನೂನು. ಅದರಲ್ಲಿ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ, ಗುಲಾಮರಿಗೆ ಬಿಡಿಗಾಸಿಲ್ಲ. ಅದಕ್ಕೆ ಎತ್ತಿದ ಸಾಲ ಪೂರ್ತಿ ಚುಕ್ತಾ ಆದದ್ದು 2015ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶ ಮತ್ತು ಸಿಲೋನನ್ನು ಕಾನೂನಿನಿಂದಲೇ ಹೊರಗಿಟ್ಟರು, ಇದು ಭಾರತದ ಓದುಗರಿಗೆ ತಿಳಿದಿರಲಿ.

1834ರ ಆಗಸ್ಟ್ 1ರಂದು ಪೂರ್ತಿ ಬಿಡುಗಡೆಯಾದದ್ದು ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಉಳಿದವರು ಅಪ್ರೆಂಟಿಸ್‌ಗಳು. ಜಮೈಕಾದಲ್ಲಿ ವಾರಕ್ಕೆ 40 ಗಂಟೆ 30 ನಿಮಿಷ ಬಿಟ್ಟಿ ದುಡಿಮೆ. ಇದನ್ನು ದಿನಕ್ಕೆ 9 ಗಂಟೆಯಂತೆ ಹಂಚಿದರೆ ನಾಲ್ಕೂವರೆ ದಿನಕ್ಕೆ ಮುಗಿದು ಶುಕ್ರವಾರ ಮಧ್ಯಾಹ್ನ ಸ್ವಂತ ತೋಟಕ್ಕೆ ಸಿಗುತ್ತದೆ. ತೋಟಗಳೋ ಮೈಲಿಗಟ್ಟಲೆ ದೂರದ ಗುಡ್ಡದಲ್ಲಿ, ಅರ್ಧ ದಿನವಾದರೂ ಒಟ್ಟಿಗೆ ಬೇಕು. ಎಸ್ಟೇಟಿನವರು 8 ಗಂಟೆಗೆ ಇಳಿಸಿ ಐದು ದಿನಕ್ಕೆ ಹರಡಿದರು. ನೋಡುವವರಿಗೆ ದಿನದ ಕೆಲಸ ಕಡಿಮೆಯಾಯಿತು, ಶುಕ್ರವಾರ ಮಾಯವಾಯಿತು. ಜನ ಇದಕ್ಕೆ ಜಗಳಕ್ಕೇ ನಿಂತರು, ದೂರು ಕೊಟ್ಟರು, ಕೆಲಸ ನಿಲ್ಲಿಸಿದರು, ಜೈಲಿನ ಟ್ರೆಡ್‌ಮಿಲ್ ತುಳಿದರು. 1840ರವರೆಗೆ ಎಳೆಯಬೇಕಿದ್ದ ವ್ಯವಸ್ಥೆ 1838ರ ಆಗಸ್ಟ್ 1ಕ್ಕೇ ಕುಸಿಯಿತು.

ಅಮೆರಿಕದ ಬಗ್ಗೆ ಒಂದೇ ರಾತ್ರಿಯ ಮಾತು. ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗಿದ್ದ 1861ರ ಮೇ 23ರಂದು ವರ್ಜೀನಿಯಾದಲ್ಲಿ ಫ್ರಾಂಕ್ ಬೇಕರ್, ಜೇಮ್ಸ್ ಟೌನ್‌ಸೆಂಡ್, ಶೆಪರ್ಡ್ ಮ್ಯಾಲರಿ ಎಂಬ ಮೂವರು ದೋಣಿಯಲ್ಲಿ ಉತ್ತರದವರ ಮನ್ರೋ ಕೋಟೆ ಸೇರಿದರು. ಅವರ ಒಡೆಯ ದಕ್ಷಿಣದ ಸೇನೆಯ ಕರ್ನಲ್, ಅವರು ಕಟ್ಟುತ್ತಿದ್ದದ್ದು ಅದೇ ಕೋಟೆಗೆ ಗುರಿಯಿಟ್ಟ ಫಿರಂಗಿ ನೆಲೆ. ಓಡಿಹೋದವರನ್ನು ಒಪ್ಪಿಸುವ ಕಾನೂನಿದೆಯಲ್ಲ ಎಂದು ಕೇಳಲು ಬಂದವನಿಗೆ ವಕೀಲನೂ ಆಗಿದ್ದ ಜನರಲ್ ಬಟ್ಲರ್ ಕೊಟ್ಟ ಉತ್ತರದ ಸಾರ: ವರ್ಜೀನಿಯಾ ತಾನು ಬೇರೆ ದೇಶ ಅನ್ನುತ್ತಿದೆ, ಬೇರೆ ದೇಶಕ್ಕೆ ನಮ್ಮ ಕಾನೂನು ಯಾಕೆ? ಯುದ್ಧಕ್ಕೆ ಬಳಸಿದ ಶತ್ರುವಿನ ಆಸ್ತಿಯೆಂದು ಅವರನ್ನು ಇಟ್ಟುಕೊಂಡ. ವಾರಗಳಲ್ಲಿ ನೂರಾರು ಜನ ಕೋಟೆಗೆ ಬಂದರು. ಅದೇ ಆಗಸ್ಟಿನಲ್ಲಿ ಅಮೆರಿಕದ ಕಾಂಗ್ರೆಸ್ ಇದನ್ನು ಕಾನೂನು ಮಾಡಿತು. ಲಿಂಕನ್ ಘೋಷಣೆಗೆ ಇನ್ನೂ ಒಂದು ವರ್ಷದ ಮೇಲಿತ್ತು. ಮುಂದೆ ಉತ್ತರದ ಭೂಸೇನೆಗೆ ಸುಮಾರು 1.8 ಲಕ್ಷ ಕಪ್ಪು ಸೈನಿಕರು ಸೇರಿದರು.

ಕಾಲಸೂಚಿಯನ್ನು ಜಾಲತಾಣದಲ್ಲಾದರೂ ತಿದ್ದುವಿರೆಂದು ನಂಬಿದ್ದೇವೆ. 1863ರ ಘೋಷಣೆ ಕೆಂಟಕಿ, ಡೆಲವೇರ್‌ನಂಥ ರಾಜ್ಯಗಳಿಗೆ ಅನ್ವಯಿಸಲಿಲ್ಲ, ಅಲ್ಲಿಗೆ ಬಿಡುಗಡೆ ತಂದದ್ದು 1865ರ ಡಿಸೆಂಬರ್ 6ರಂದು ಅಂಗೀಕಾರವಾದ 13ನೇ ತಿದ್ದುಪಡಿ. ಬ್ರೆಜಿಲ್‌ನ ಗುಲಾಮಗಿರಿ ರದ್ದಾದ 1888ರ ಮೇ 13ಕ್ಕೆ ಮೊದಲು 1881ರ ಜನವರಿ ಸೇರಿಸಿ. ಅಲ್ಲಿನ ಸಿಯಾರಾ ಪ್ರಾಂತ್ಯದ ಫೋರ್ಟಲೆಜಾ ಬಂದರಿನಲ್ಲಿ ಹಡಗುಗಳು ದಡಕ್ಕೆ ಬರಲಾಗದೆ ದೂರದಲ್ಲೇ ನಿಲ್ಲುತ್ತಿದ್ದವು, ಜನರನ್ನು ಮುಟ್ಟಿಸಲು ತೆಪ್ಪವೇ ಬೇಕಿತ್ತು. ದಕ್ಷಿಣದ ಕಾಫಿ ತೋಟಗಳಿಗೆ ಮಾರಿದ ಗುಲಾಮರನ್ನು ಇನ್ನು ಸಾಗಿಸುವುದಿಲ್ಲ ಎಂದು ತೆಪ್ಪದವರು ನಿಂತುಬಿಟ್ಟರು. ಆ ಸಿಯಾರಾ ಪ್ರಾಂತ್ಯ ದೇಶಕ್ಕಿಂತ ನಾಲ್ಕು ವರ್ಷ ಮೊದಲೇ, 1884ರ ಮಾರ್ಚ್ 25ರಂದು ಗುಲಾಮಗಿರಿ ತೊರೆಯಿತು.

ಜಾಗ ಉಳಿದರೆ ಕೆರಿಬಿಯನ್ನಿನ ಫ್ರೆಂಚ್ ವಸಾಹತು ಮಾರ್ಟಿನೀಕ್‌ನ 1848 ಕೂಡ ಬರಲಿ. ಪ್ಯಾರಿಸ್ ಏಪ್ರಿಲ್ 27ರಂದು ಬಿಡುಗಡೆಯ ಆದೇಶಕ್ಕೆ ಸಹಿ ಹಾಕಿತು. ವಸಾಹತಿನಲ್ಲಿ ಅದನ್ನು ಸಾರಿ ಎರಡು ತಿಂಗಳಾದ ಮೇಲೆ ಜಾರಿ ಎಂಬ ಷರತ್ತೂ ಇತ್ತು. ದ್ವೀಪದ ಗುಲಾಮರು ಮೇ 22ರಂದು ಬಂಡೆದ್ದರು. ಮರುದಿನವೇ ಗವರ್ನರ್ ಗುಲಾಮಗಿರಿ ರದ್ದೆಂದು ಸಾರಿದ. ಆದೇಶ ಹೊತ್ತ ಕಮಿಷನರ್ ಹಡಗಿನಿಂದ ಇಳಿದದ್ದು ಜೂನ್ 3ರಂದು.

ಇತಿ,
ಇತಿಹಾಸ ಬೋಧಿಸುವ ಕೆಲವು ಅಧ್ಯಾಪಕರು